ಐಪಿ ಹಾಕಿದವನಿಗೆ ಊರಲ್ಲಿ ಮುಖ ಇರುತ್ತಾ?

ಪ್ರಶ್ನೆ: ಸರ್, ನಾನು ಮುಳಬಾಗಿಲು ತಾಲೂಕಿನವನು, ವಯಸ್ಸು 46. ಹದಿನಾಲ್ಕು ವರ್ಷದಿಂದ ಗೊಬ್ಬರ, ಬೀಜ, ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಟೊಮೆಟೊ ಬೆಳೆಯುವವರಿಗೆ ಉದ್ರಿ ಕೊಡದೆ ನಮ್ಮ ಕಡೆ ಈ ವ್ಯಾಪಾರ ನಡೆಯಲ್ಲ. 2023ರಲ್ಲಿ ಬಾಕ್ಸ್ 2 ಸಾವಿರ ದಾಟಿದಾಗ ಎಲ್ಲರೂ ಟೊಮೆಟೊ ಹಾಕಿದರು, ನಾನೂ ಕೇಳಿದಷ್ಟು ಕೊಟ್ಟೆ. ಆಮೇಲೆ ರೇಟು ಬಿತ್ತು, ಮರುವರ್ಷ ರೋಗ ಬಂತು. ಈಗ ಬ್ಯಾಂಕ್ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ, 14 ಲಕ್ಷ (ಮನೆ ಅಡ ಇದೆ, ನನ್ನ ಭಾವಮೈದ ಜಾಮೀನು), ಡಿಸ್ಟ್ರಿಬ್ಯೂಟರ್‌ಗಳಿಗೆ 9 ಲಕ್ಷ, ಮೂರು ರೂಪಾಯಿ ಬಡ್ಡಿಯ ಕೈಸಾಲ 8 ಲಕ್ಷ, ಎತ್ತಿಕೊಂಡ ಚೀಟಿಗೆ ಇನ್ನೂ ಕಟ್ಟಬೇಕಾದ್ದು 4 ಲಕ್ಷ, ಹೆಂಡತಿ ಒಡವೆ ಮೇಲೆ ಬ್ಯಾಂಕಿನಲ್ಲಿ 3 ಲಕ್ಷ. ಒಟ್ಟು 38. ನನಗೆ ಬರಬೇಕಾದ ಉದ್ರಿ 11 ಲಕ್ಷ ಇದೆ, ಬರುತ್ತೆ ಅನ್ನೋ ನಂಬಿಕೆ ಇಲ್ಲ. ಮನೆಯಲ್ಲಿ ಪೂರ್ತಿ ಹೇಳಿಲ್ಲ. ಬಸ್ ಸ್ಟ್ಯಾಂಡ್ ಕಡೆ ಹೋಗಲ್ಲ, ಸುತ್ತಿಕೊಂಡು ಹೋಗುತ್ತೇನೆ. ತಂಗಿ ಮಗಳ ಮದುವೆಗೂ ಜ್ವರ ಅಂತ ಹೇಳಿ ತಪ್ಪಿಸಿಕೊಂಡೆ. ಹತ್ತನೇ ತಾರೀಕು ಚೀಟಿ ಕೂಡುತ್ತೆ, ಎರಡು ತಿಂಗಳಿಂದ ಹೋಗಿಲ್ಲ. ಸ್ನೇಹಿತರೊಬ್ಬರು ಐಪಿ (ದಿವಾಳಿ ಅರ್ಜಿ) ಹಾಕು ಅಂತಾರೆ. ನಮ್ಮಪ್ಪ ಊರಲ್ಲಿ ನಾಲ್ಕು ಜನಕ್ಕೆ ನ್ಯಾಯ ಹೇಳಿದವರು. ಅವರ ಮಗ ಐಪಿ ಹಾಕಿದ ಅಂದರೆ ಊರಲ್ಲಿ ಮುಖ ಇರುತ್ತಾ? ಒಂದೊಂದು ರಾತ್ರಿ ನಾನೇ ಇಲ್ಲದಿದ್ದರೆ ಎಲ್ಲ ಸರಿಹೋಗುತ್ತೆ ಅನ್ನಿಸುತ್ತೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರ ಹೇಳುತ್ತೇನೆ. 38 ಲಕ್ಷಕ್ಕೆ ಆಮೇಲೆ ಬರೋಣ, ಅದೇನೂ ಓಡಿಹೋಗುವುದಿಲ್ಲ.

ಆ ಯೋಚನೆ ಬಂದ ರಾತ್ರಿ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ ಅದರ ಹೆಸರು. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಕನ್ನಡದಲ್ಲಿ ಮಾತಾಡಬಹುದು, ಬೇಕಾದರೆ ತೆಲುಗಿನಲ್ಲೂ ಮಾತಾಡಬಹುದು. ಮುಳಬಾಗಿಲು ಕಡೆಯವರಿಗೆ ಸಂಕಟ ಬಂದಾಗ ಬಾಯಿಗೆ ಯಾವ ಭಾಷೆ ಬರುತ್ತದೆ ಅಂತ ನನಗೂ ಗೊತ್ತು. ಎದುರು ಕೂತು ಮಾತಾಡಬೇಕು ಅನ್ನಿಸಿದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ನೋಡಬೇಕು ಅಂತ ಚೀಟಿ ಮಾಡಿಸಿ. ನಿದ್ದೆ ಇಲ್ಲದವನಿಗೆ ಲೆಕ್ಕ ಹತ್ತುವುದಿಲ್ಲ. ಮೊದಲು ನಾಲ್ಕು ರಾತ್ರಿ ನಿದ್ದೆ ಬರಲಿ.

ಇನ್ನೊಂದು ಮಾತು. ನಿಮ್ಮದು ಔಷಧಿ ಅಂಗಡಿ. ಸ್ವಲ್ಪ ದಿನ ರಾತ್ರಿ ಹೊತ್ತು ಅದರ ಬೀಗದ ಕೈ ನಿಮ್ಮ ಹತ್ತಿರ ಬೇಡ. ಹೆಂಡತಿ ಹತ್ತಿರ, ಇಲ್ಲ ಅಂಗಡಿ ಹುಡುಗನ ಹತ್ತಿರ ಇರಲಿ. ಯಾಕೆ ಅಂತ ಕೇಳಿದರೆ ನಿಜ ಹೇಳಿ. ಹೇಳಲು ಬಾಯಿ ಬರದಿದ್ದರೆ "ಬೆಳಿಗ್ಗೆ ನೀನೇ ಬಂದು ತೆಗಿ" ಅನ್ನಿ, ಸಾಕು.

ನೀವಿಲ್ಲದಿದ್ದರೆ ಸರಿಹೋಗುತ್ತದೆ ಅನ್ನುವುದು ಬರೀ ಲೆಕ್ಕವಾಗಿ ನೋಡಿದರೂ ತಪ್ಪು. ಯಾರಿಗೆ ಎಷ್ಟು ಕೊಡಬೇಕು, ಯಾರ ಹತ್ತಿರ ಎಷ್ಟು ಚೆಕ್ಕಿದೆ, ಯಾವ ರೈತ ಎಷ್ಟು ಬಾಕಿ, ಎಲ್ಲ ನಿಮ್ಮ ತಲೆಯಲ್ಲಿದೆ. ನೀವಿಲ್ಲದಿದ್ದರೆ ಅದೇ ಜನ ಅದೇ ಬಾಗಿಲಿಗೆ ಬರುತ್ತಾರೆ. ಒಂದು ಪ್ರಶ್ನೆಗೂ ಉತ್ತರ ಗೊತ್ತಿಲ್ಲದ ನಿಮ್ಮ ಹೆಂಡತಿ ಅವರ ಎದುರು ನಿಲ್ಲಬೇಕಾಗುತ್ತದೆ.

ಈಗ ಮುಖದ ವಿಷಯ. ನಾನು ಈ ಜಿಲ್ಲೆಯಲ್ಲಿ ಇಪ್ಪತ್ತೇಳು ವರ್ಷ ಬ್ಯಾಂಕಿನಲ್ಲಿದ್ದವನು. ಸಾಲ ಕೊಟ್ಟಿದ್ದೇನೆ, ವಸೂಲಿಗೆ ತಿರುಗಿದ್ದೇನೆ, ಬಾಗಿಲಿಗೆ ನೋಟಿಸ್ ಅಂಟಿಸಿದ್ದೇನೆ. ರಿಟೈರ್ ಆದ ಮೇಲೆ ಮೇಜಿನ ಈ ಕಡೆ ಕೂತು ನಿಮ್ಮಂಥವರ ಕಾಗದ ಓದುತ್ತಿದ್ದೇನೆ. ಅಂಟಿಸಿದ ನೋಟಿಸ್‌ಗಳಲ್ಲಿ ಒಂದು ಮಾತ್ರ ಮರೆತಿಲ್ಲ.

ಬಂಗಾರಪೇಟೆ ಕಡೆಯ ಒಂದು ಊರು, ಏಪ್ರಿಲ್ ತಿಂಗಳ ಮಧ್ಯಾಹ್ನ. ಬಾಗಿಲು ಬಡಿದೆವು. ಆ ಮನೆಯ ಹೆಣ್ಣುಮಗಳು ಹೊರಗೆ ಬಂದರು. "ಯಜಮಾನರು ಊರಲ್ಲಿಲ್ಲ" ಅಂದರು. ಬಾಗಿಲ ಪಕ್ಕದಲ್ಲಿ ಅವರ ಚಪ್ಪಲಿ ಬಿಟ್ಟಿತ್ತು. ಒಂದರ ಬಾರು ಕಿತ್ತು ಪಿನ್ನು ಚುಚ್ಚಿದ್ದು ಕೂಡ ಕಾಣುತ್ತಿತ್ತು. ನಾನು ಚಪ್ಪಲಿ ನೋಡಿದ್ದನ್ನು ಆಕೆ ನೋಡಿದರು. ಇಬ್ಬರೂ ಏನೂ ಮಾತಾಡಲಿಲ್ಲ. ನಮ್ಮ ಅಟೆಂಡರ್ ಬಾಗಿಲಿಗೆ ಅಂಟು ಬಳಿದು ಕಾಗದ ಹಚ್ಚಿದ. ಆಕೆ ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದುಕೊಟ್ಟರು. ಬಿಸಿಲಿದೆ ಸಾರ್, ಕುಡಿದು ಹೋಗಿ ಅಂದರು. ನನ್ನ ಚೀಲದಲ್ಲಿ ಅವತ್ತು ಇನ್ನೊಂದು ಕಾಗದ ಇತ್ತು. ಬಡ್ಡಿಯಲ್ಲಿ ದೊಡ್ಡ ಭಾಗ ಬಿಟ್ಟು ಒಂದೇ ಸಲಕ್ಕೆ ಸಾಲ ಮುಗಿಸುವ ಓಟಿಎಸ್ ಅರ್ಜಿ. ಅದಕ್ಕೆ ಸಹಿ ಹಾಕಬೇಕಾದವರು ಒಳಗಿನ ಕೋಣೆಯಲ್ಲಿದ್ದರು. ಹೊರಗೆ ಬರಲಿಲ್ಲ. ನಾನಾದರೂ ದನಿ ಎತ್ತಿ ಕರೆಯಬಹುದಿತ್ತು. ಕರೆಯಲಿಲ್ಲ, ನನಗೂ ನಾಚಿಕೆಯಾಗಿತ್ತು. ಆ ವರ್ಷವೇ ಮನೆ ಹರಾಜಾಯಿತು.

ಸಾಲ ಕೊಟ್ಟವನಿಗೂ ಬಾಗಿಲಿಗೆ ಬರಲು ಮುಜುಗರವೇ. ಅದಕ್ಕೇ ಮೊದಲ ಸಲ ಬಂದಾಗ ಸುಮ್ನೆ ಹವಾಮಾನ, ಟೊಮೆಟೊ ರೇಟು ಮಾತಾಡಿ ಹೋಗಿರುತ್ತಾನೆ. ಎರಡನೇ ಸಲಕ್ಕೆ ನೀವು ಮನೆಯಲ್ಲಿದ್ದೂ ಇಲ್ಲ ಅನ್ನಿಸಿದಿರಿ ಅಂದುಕೊಳ್ಳಿ. ಅಲ್ಲಿಂದ ಸಿಟ್ಟು ಶುರುವಾಗುತ್ತದೆ. ಊರಲ್ಲಿ ಬಾಯಿಗೆ ಬೀಳುವವರು ಯಾರು ಅಂತ ನೀವೇ ನೆನಪು ಮಾಡಿಕೊಳ್ಳಿ. ದುಡ್ಡು ಕಳೆದುಕೊಂಡವರಲ್ಲ. ಫೋನ್ ಸ್ವಿಚ್ ಆಫ್ ಮಾಡಿದವರು, ರಾತ್ರೋರಾತ್ರಿ ಮನೆ ಖಾಲಿ ಮಾಡಿದವರು. ನಿಮ್ಮ ತಂದೆ ನ್ಯಾಯ ಹೇಳಲು ಕೂತಾಗಲೂ ಅಷ್ಟೇ ಅಲ್ವಾ? "ಇಲ್ಲ, ಕೊಡೋಕಾಗ್ತಿಲ್ಲ, ಇಷ್ಟಿದೆ" ಅಂತ ಬಂದು ನಿಂತವನಿಗೆ ಅವರು ಕಂತು ಮಾಡಿಸಿರುತ್ತಾರೆ. ಬರದೇ ಹೋದವನಿಗೇ ಬೈದಿರುತ್ತಾರೆ.

ಆದ್ದರಿಂದ ನಿಮ್ಮ ಮುಖಕ್ಕೆ ಈಗ ಕುತ್ತು ತರುತ್ತಿರುವುದು ಐಪಿ ಅಲ್ಲ. ಬಸ್ ಸ್ಟ್ಯಾಂಡ್ ಬಿಟ್ಟು ಸುತ್ತಿಕೊಂಡು ಹೋಗುವ ಆ ದಾರಿ. ಮದುವೆಯನ್ನೇ ನೋಡಿ. ನೀವು ಹುಡುಗಿಗೆ ಸೋದರಮಾವ. ನಮ್ಮಲ್ಲಿ ಸೋದರಮಾವ ಇಲ್ಲದ ಮದುವೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೈಯಲ್ಲಿ ಮುಯ್ಯಿ ಇಲ್ಲದೆ ಹೋಗಿದ್ದರೆ ಹತ್ತು ಜನ ಗಮನಿಸುತ್ತಿದ್ದರು. ಹೋಗದೇ ಇದ್ದುದನ್ನು ಇಡೀ ಛತ್ರ ಗಮನಿಸಿತು. ತಂಗಿ ಮನೆಗೆ ಒಂದು ಸಲ ಹೋಗಿ ಬನ್ನಿ. ಜ್ವರ ಇರಲಿಲ್ಲಮ್ಮ, ಕೈಯಲ್ಲಿ ಕಾಸಿರಲಿಲ್ಲ ಅನ್ನಿ. ಅಳುತ್ತಾಳೆ, ಬೈಯುತ್ತಾಳೆ, ಊಟ ಹಾಕುತ್ತಾಳೆ.

ಆದರೆ ಮೊದಲು ಹೇಳಬೇಕಾದ್ದು ಹೆಂಡತಿಗೆ. ಪೂರ್ತಿ ಹೇಳಿಲ್ಲ ಅಂದಿದ್ದೀರಿ. ಅರ್ಧ ಅವರಿಗೆ ಗೊತ್ತಿರುತ್ತದೆ. ಫೋನ್ ಬಂದರೆ ಮಹಡಿ ಮೇಲೆ ಹೋಗುವ ಗಂಡ, ಒಡವೆ ಬಿಡಿಸುವ ಮಾತೆತ್ತಿದರೆ ಎದ್ದು ಹೋಗುವ ಗಂಡ, ಇದಕ್ಕೆ ಅರ್ಥ ಹುಡುಕದ ಹೆಂಡತಿಯನ್ನು ನಾನು ಕಂಡಿಲ್ಲ. ಗೊತ್ತಿಲ್ಲದ ಅರ್ಧವನ್ನು ಅವರು ಊಹಿಸಿಕೊಂಡಿರುತ್ತಾರೆ. ಆ ಊಹೆ ನಿಜಕ್ಕಿಂತ ಕೆಟ್ಟದ್ದೇ ಇರುತ್ತದೆ. ಜೂಜೋ, ಇನ್ನೊಂದು ಸಂಸಾರವೋ ಅಂತ.

ಹೇಗೆ ಹೇಳುವುದು ಅನ್ನುವುದಕ್ಕೆ ನಾನು ಎಲ್ಲರಿಗೂ ಒಂದೇ ದಾರಿ ಹೇಳುತ್ತೇನೆ. ಬಾಯಲ್ಲಿ ಬೇಡ, ಪುಸ್ತಕದಲ್ಲಿ ಹೇಳಿ. ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಒಂದೊಂದು ಸಾಲಕ್ಕೆ ಒಂದೊಂದು ಪುಟ. ಯಾರಿಗೆ, ಅಸಲು ಎಷ್ಟು, ಇದುವರೆಗೆ ಬಡ್ಡಿ ಎಷ್ಟು ಕಟ್ಟಿದ್ದೀರಿ, ಅವರ ಹತ್ತಿರ ನಿಮ್ಮ ಚೆಕ್ಕೋ ಪ್ರೊನೋಟೋ ಏನಿದೆ, ಜಾಮೀನು ಯಾರು. ಹಿಂದಿನ ಪುಟಗಳಿಂದ ನಿಮಗೆ ಬರಬೇಕಾದ ಉದ್ರಿ ಬರೆಯುತ್ತಾ ಬನ್ನಿ. ರಾತ್ರಿ ಮಕ್ಕಳು ಮಲಗಿದ ಮೇಲೆ ಪುಸ್ತಕ ಅವರ ಕೈಗೆ ಕೊಟ್ಟು ಎದುರು ಕೂತುಕೊಳ್ಳಿ. ಅವರು ಓದಿ ಮುಗಿಸುವವರೆಗೆ ಏನೂ ವಿವರಿಸಬೇಡಿ. ಇದು ಬಹಳ ಕಷ್ಟ, ಆದರೂ ಸುಮ್ಮನಿರಿ.

ಅವರಿಗೇ ಮೊದಲು ಹೇಳಬೇಕಾದ್ದಕ್ಕೆ ಇನ್ನೊಂದು ಕಾರಣ ಇದೆ. ಓಡಿಗೆ ಜಾಮೀನು ಹಾಕಿರುವುದು ಅವರ ಅಣ್ಣನೋ ತಮ್ಮನೋ. ಜಾಮೀನು ಅಂದರೆ ಬರೀ ಸಾಕ್ಷಿ ಸಹಿ ಅಂತ ನಮ್ಮ ಜನ ಅಂದುಕೊಂಡಿದ್ದಾರೆ. ಕಾನೂನಿನಲ್ಲಿ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ಬ್ಯಾಂಕ್ ನೇರವಾಗಿ ಅವರಿಗೇ ನೋಟಿಸ್ ಕಳಿಸಬಹುದು. ಆ ನೋಟಿಸ್ ಹೋಗುವುದಕ್ಕೆ ಮುಂಚೆ ನೀವು ಹೋಗಬೇಕು, ಇಬ್ಬರೂ ಒಟ್ಟಿಗೆ. 38 ಲಕ್ಷದಲ್ಲಿ ನಾನು ಅತಿ ಹೆಚ್ಚು ಹೆದರುವುದು ಈ ಒಂದು ಭೇಟಿಗೆ. ಆತ ಕೂಗಾಡಬಹುದು. ಕೂಗಾಡಲಿ. ಅಂಚೆಯವನ ಕೈಯಿಂದ ಗೊತ್ತಾದರೆ ನಿಮ್ಮ ಹೆಂಡತಿಗೆ ತವರು ಮನೆಯೇ ಇಲ್ಲವಾದೀತು.

ಇನ್ನು ಐಪಿ. ನಮ್ಮ ಕಡೆ ಅದು ಬೈಗುಳ ಆಗಿಬಿಟ್ಟಿದೆ. "ಅವನು ಐಪಿ ಪಾರ್ಟಿ" ಅಂದರೆ ಮೋಸಗಾರ ಅಂತಲೇ ಅರ್ಥ. ಆದರೆ ಐಪಿ ಅಂದರೆ ಇನ್ಸಾಲ್ವೆನ್ಸಿ ಪಿಟಿಷನ್. ನನ್ನ ಸಾಲ ತೀರಿಸಲು ನನ್ನಿಂದ ಆಗುತ್ತಿಲ್ಲ, ಇರುವುದೆಲ್ಲ ಇದು, ಕೋರ್ಟೇ ಹಂಚಲಿ ಅಂತ ಹೇಳುವ ಒಂದು ಅರ್ಜಿ. ನಮ್ಮಂಥ ಜಿಲ್ಲೆಗಳಲ್ಲಿ ಇದಕ್ಕೆ ಈಗಲೂ 1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಆ್ಯಕ್ಟ್ ಅನ್ನುವ ಬ್ರಿಟಿಷರ ಕಾಲದ ಕಾಯ್ದೆಯೇ ಗತಿ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗಾಗಿ ಒಂದು ಭಾಗ ಇದೆ. ಆದರೆ ಕಂಪನಿ ಸಾಲಕ್ಕೆ ಜಾಮೀನು ನಿಂತವರನ್ನು ಬಿಟ್ಟರೆ ನಿಮ್ಮಂಥವರಿಗೆ ಅದನ್ನು ಇನ್ನೂ ಜಾರಿ ಮಾಡಿಲ್ಲ. ಹಳೇ ಕಾಯ್ದೆ ಎಷ್ಟು ಹಳೆಯದು ಅಂದರೆ, 500 ರೂಪಾಯಿ ಸಾಲ ಇದ್ದರೂ ಅರ್ಜಿ ಹಾಕಬಹುದು ಅಂತ ಅದರಲ್ಲಿದೆ. ಇವತ್ತು ಅದು ನಿಮ್ಮ ಅಂಗಡಿಯ ಅರ್ಧ ಲೀಟರ್ ಡಬ್ಬಿಯ ಬೆಲೆ.

ಅರ್ಜಿ ಒಪ್ಪಿದರೆ ನಿಮ್ಮ ಆಸ್ತಿ ಕೋರ್ಟಿನ ಕೈಗೆ, ಇಲ್ಲ ಕೋರ್ಟು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಅಡ ಇಲ್ಲದ ಸಾಲದವರು ಆಮೇಲೆ ಕೋರ್ಟಿನ ಅನುಮತಿ ಇಲ್ಲದೆ ಒಬ್ಬೊಬ್ಬರೇ ನಿಮ್ಮ ಮೇಲೆ ಬೀಳುವಂತಿಲ್ಲ. ಕೊನೆಗೆ ಕೋರ್ಟು ಡಿಸ್ಚಾರ್ಜ್ ಅಂದರೆ ಬಿಡುಗಡೆ ಕೊಡುತ್ತದೆ. ಅಲ್ಲಿಯವರೆಗೆ ಪಂಚಾಯ್ತಿ, ಪುರಸಭೆ ಚುನಾವಣೆಗೆ ನಿಲ್ಲುವಂತಿಲ್ಲ. ನಿಮಗೆ ಆ ಆಸೆ ಇಲ್ಲ ಅಂದುಕೊಂಡಿದ್ದೇನೆ.

ಎಲ್ಲವನ್ನೂ ಕಿತ್ತುಕೊಳ್ಳುತ್ತಾರೆ ಅನ್ನುವುದು ಸುಳ್ಳು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಇವನ್ನು ಜಪ್ತಿ ಮಾಡುವಂತಿಲ್ಲ. ಸಂಪ್ರದಾಯದ ಪ್ರಕಾರ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಮುಟ್ಟುವಂತಿಲ್ಲ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತದೆ. ತಾಳಿ ತಾಳಿಯಾಗಿಯೇ ಇರುತ್ತದೆ. ಜೈಲಿನ ಭಯಕ್ಕೂ ಒಂದು ಮಾತು. ಬರೀ ಕೊಡಲು ಇಲ್ಲ ಅನ್ನುವ ಕಾರಣಕ್ಕೆ ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕುವಂತಿಲ್ಲ, ಇದ್ದೂ ಕೊಡದ ದುರುದ್ದೇಶ ಕಾಣಬೇಕು ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಜಾಲಿ ಜಾರ್ಜ್ ವರ್ಗೀಸ್ ಪ್ರಕರಣ ಅಂತ ವಕೀಲರಿಗೆ ಹೇಳಿದರೆ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೂ, ನಿಮಗೆ ಈಗಲೇ ಐಪಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮರ್ಯಾದೆಯ ಕಾರಣಕ್ಕಲ್ಲ, ಲೆಕ್ಕದ ಕಾರಣಕ್ಕೆ. ಓಡಿಗೆ ಮನೆ ಅಡ ಇದೆ, 3 ಲಕ್ಷಕ್ಕೆ ಒಡವೆ ಅಡ ಇದೆ. ಅಡ ಇಟ್ಟುಕೊಂಡವರನ್ನು ಐಪಿ ತಡೆಯುವುದಿಲ್ಲ. ಅಲ್ಲಿಗೆ 17 ಲಕ್ಷ ಹೋಯಿತು. ಡಿಸ್ಟ್ರಿಬ್ಯೂಟರ್‌ಗಳ ಹತ್ತಿರ ನಿಮ್ಮ ಸೆಕ್ಯೂರಿಟಿ ಚೆಕ್ಕು ಇರದೇ ಇರುವುದಿಲ್ಲ. ಚೆಕ್ ಬೌನ್ಸ್ ಕ್ರಿಮಿನಲ್ ಕೇಸು, ಅದೂ ಐಪಿಯಿಂದ ತೊಳೆದುಹೋಗುವುದಿಲ್ಲ. ಉಳಿದದ್ದು ಕೈಸಾಲ ಮತ್ತು ಚೀಟಿಯ 12 ಲಕ್ಷ. ಇದಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದಕ್ಕಿಂತ ಮೊದಲು ಬೇರೆ ಬಾಗಿಲು ತಟ್ಟೋಣ. ತೆಗೆಯದಿದ್ದರೆ ಐಪಿ ಇದ್ದೇ ಇದೆ. ಆಗ ಹಾಕಿ, ತಲೆ ತಗ್ಗಿಸದೆ ಹಾಕಿ.

ಹಾಗಂತ ಐಪಿ ಹಾಕುವ ಯೋಚನೆಯಲ್ಲಿ ಎರಡು ತಪ್ಪು ಮಾತ್ರ ಮಾಡಬೇಡಿ. "ಮೊದಲು ಜಮೀನು ತಮ್ಮನ ಹೆಸರಿಗೆ ಮಾಡಿಬಿಡು" ಅಂತ ಹೇಳುವವರು ಸಿಕ್ಕೇ ಸಿಗುತ್ತಾರೆ. ದಿವಾಳಿ ಅರ್ಜಿಗೆ ಹಿಂದಿನ 2 ವರ್ಷದೊಳಗೆ ಸುಮ್ಮನೆ ಬರೆದುಕೊಟ್ಟ ಆಸ್ತಿಯನ್ನು ಕೋರ್ಟು ರದ್ದು ಮಾಡಬಹುದು. ಅರ್ಜಿಗೆ ಮುಂಚಿನ 3 ತಿಂಗಳಲ್ಲಿ ಬೇಕಾದ ಒಬ್ಬರಿಗೆ ಮಾತ್ರ ಕದ್ದು ಕೊಟ್ಟ ಹಣಕ್ಕೂ ಇದೇ ಗತಿ. ಊರಲ್ಲಿ "ಐಪಿ ಪಾರ್ಟಿ" ಅನ್ನುವ ಬೈಗುಳ ಹುಟ್ಟಿದ್ದೇ ಇಂಥವರಿಂದ.

ಬ್ಯಾಂಕಿಗೆ ಹೋಗಿ. ನಾನು ಹೇಳುತ್ತಿರುವುದು ಫೋನಲ್ಲ, ಹೋಗಿ. ಮಧ್ಯಾಹ್ನ ಮೂರರ ಮೇಲೆ ಹೋದರೆ ಮ್ಯಾನೇಜರ್‌ಗೆ ಕೂತು ಮಾತಾಡುವಷ್ಟು ಪುರುಸೊತ್ತಿರುತ್ತದೆ. ಸಾಲ 90 ದಿನ ಬಾಕಿ ಬಿದ್ದರೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಅದಕ್ಕೂ ಮುಂಚೆ ಹೋದರೆ ಕಂತು ಬದಲಿಸುವ ದಾರಿ ಜಾಸ್ತಿ. ಎನ್‌ಪಿಎ ಆದ ಮೇಲೆ ಮನೆ ಮೇಲೆ 60 ದಿನದ ನೋಟಿಸ್ ಬರುತ್ತದೆ, ಆಗಲೂ ಓಟಿಎಸ್ ಕೇಳಬಹುದು. ಮಾತಾಡಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಮನೆ ಮಾರಲೇಬೇಕಾಗಿ ಬಂದರೆ ಬ್ಯಾಂಕಿಗೆ ತಿಳಿಸಿ ನೀವೇ ಗಿರಾಕಿ ಹುಡುಕಿ ಮಾರಿ. ಹರಾಜಿನಲ್ಲಿ ಬರುವ ರೇಟಿಗೂ ನೀವು ಮಾರುವ ರೇಟಿಗೂ ಬಹಳ ವ್ಯತ್ಯಾಸ ಇರುತ್ತದೆ. ಬಾಡಿಗೆ ಮನೆಗೆ ಹೋಗುವಾಗ ಹಗಲು ಹೊತ್ತಿನಲ್ಲೇ ಟೆಂಪೊ ಕರೆಸಿ ಸಾಮಾನು ಸಾಗಿಸಿ. ಪಕ್ಕದ ಮನೆಯವರಿಗೆ ಹೊಸ ವಿಳಾಸ ಹೇಳಿ ಹೊರಡಿ.

ಡಿಸ್ಟ್ರಿಬ್ಯೂಟರ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಮಾರದೆ ಉಳಿದ, ಅವಧಿ ಮುಗಿಯದ ಸ್ಟಾಕ್ ವಾಪಸ್ ತಗೊಳ್ಳಿ ಅಂತ ಕೇಳಿ. ಅವರಲ್ಲಿ ಬಹಳ ಜನ ತಗೊಳ್ಳುತ್ತಾರೆ. ಚೆಕ್ ಬೌನ್ಸ್ ಆಗಿ ವಕೀಲರ ನೋಟಿಸ್ ಬಂದರೆ ಅದನ್ನು ಬೀರುವಿನಲ್ಲಿಡಬೇಡಿ. ಕೈಗೆ ಬಂದ ದಿನದಿಂದ ಹಣ ಕೊಡಲು 15 ದಿನ ಇರುತ್ತದೆ, ಕೊಡಲಾಗದಿದ್ದರೂ ಅಷ್ಟರಲ್ಲಿ ಉತ್ತರ ಹೋಗಬೇಕು. ಮುಂದೆ ಕೇಸಾದರೂ ಯಾವ ಹಂತದಲ್ಲಿ ಬೇಕಾದರೂ ರಾಜಿ ಮಾಡಿಕೊಳ್ಳಬಹುದು. ಲೋಕ ಅದಾಲತ್‌ನಲ್ಲಿ ಇಂಥ ಕೇಸುಗಳದ್ದೇ ಸಂತೆ.

ಕೈಸಾಲದ 8 ಲಕ್ಷಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 24 ಸಾವಿರ, ವರ್ಷಕ್ಕೆ 2 ಲಕ್ಷ 88 ಸಾವಿರ. ನೀವು ಎಷ್ಟು ವರ್ಷದಿಂದ ಕಟ್ಟುತ್ತಿದ್ದೀರಿ ಅಂತ ಬರೆದಿಲ್ಲ. ಅದಕ್ಕೇ ಪುಸ್ತಕದಲ್ಲಿ ಕಟ್ಟಿದ ಬಡ್ಡಿಯನ್ನೂ ಬರೆಯಿರಿ ಅಂದದ್ದು. ಬಡ್ಡಿ ವ್ಯವಹಾರಕ್ಕೆ ಸರ್ಕಾರದ ಲೈಸೆನ್ಸ್ ಬೇಕು, ನಿಗದಿ ಮಾಡಿದ ದರ ಮೀರಿ ಬಡ್ಡಿ ಹಾಕುವಂತಿಲ್ಲ. ವಿಪರೀತ ಬಡ್ಡಿಗೆ ಕಡಿವಾಣ ಹಾಕಲು 2004ರದ್ದೇ ಒಂದು ಕಾಯ್ದೆ ನಮ್ಮ ರಾಜ್ಯದಲ್ಲಿದೆ. 2025ರಲ್ಲಿ ಕಿರು ಸಾಲ, ಸಣ್ಣ ಸಾಲದ ವಸೂಲಿಯಲ್ಲಿ ಬಲವಂತ ಮಾಡುವವರ ಮೇಲೆ ಇನ್ನೊಂದು ಕಾನೂನು ಬಂದಿದೆ. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಯಾವುದು ನಿಮಗೆ ಹೊಂದುತ್ತದೆ ಅಂತ ಕಾಗದ ನೋಡಿ ವಕೀಲರು ಹೇಳಲಿ. ಅಂಗಡಿ ಮುಂದೆ ಹುಡುಗರನ್ನು ತಂದು ಕೂರಿಸುವುದು, ಮಗಳ ಕಾಲೇಜಿನ ಹತ್ತಿರ ಬರುತ್ತೇನೆ ಅನ್ನುವುದು, ಇವನ್ನು ಸಹಿಸಿಕೊಳ್ಳಬೇಡಿ. 112ಕ್ಕೆ ಫೋನ್ ಮಾಡಿ, ಠಾಣೆಗೆ ಬರೆದು ಕೊಡಿ. ಬ್ಯಾಂಕಿನ ವಸೂಲಿ ಏಜೆಂಟರಿಗೂ ಗೆರೆ ಇದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಮೀರಿದರೆ ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ, 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ. ಅದರ ವಿವರಕ್ಕೆ 14448.

ಒಂದು ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಸಾಲ ತೀರಿಸಲು ಹೊಸ ಸಾಲ ಮಾಡಬೇಡಿ. ಮೊಬೈಲ್ ಆ್ಯಪ್‌ನದ್ದಂತೂ ಬೇಡವೇ ಬೇಡ. ಹಾಗೇ "ನಾನು ಎಲ್ಲ ಸೆಟ್ಲ್ ಮಾಡಿಸ್ತೀನಿ, ಇಪ್ಪತ್ತು ಸಾವಿರ ಕೊಡಿ" ಅನ್ನುವವರ ಹತ್ತಿರವೂ ಹೋಗಬೇಡಿ. ನಾಚಿಕೆಯಲ್ಲಿರುವವನೇ ಇವರ ಗಿರಾಕಿ. ಯಾಕೆಂದರೆ ಅವನು ಇನ್ನೊಬ್ಬರನ್ನು ಕೇಳುವುದಿಲ್ಲ.

ಕೇಳಲು ಜಾಗ ಇದೆ. ಕೋಲಾರದ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲೂಕಿಗೂ ಸಮಿತಿ ಇದೆ. 15100 ಅವರ ಸಹಾಯವಾಣಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ. ಒಡವೆ ಸಾಲ ನಿಮ್ಮ ಹೆಂಡತಿ ಹೆಸರಲ್ಲಿದ್ದರೆ ಅವರೇ ಅರ್ಜಿ ಕೊಡಲಿ. ಕೋರ್ಟಿಗೆ ಹೋಗದ ವ್ಯಾಜ್ಯವನ್ನೂ ಲೋಕ ಅದಾಲತ್‌ಗೆ ತರಬಹುದು. ಅಲ್ಲಿ ಕೂತು ನೋಡಿದರೆ ನಿಮ್ಮ ನಾಚಿಕೆ ಅರ್ಧ ಅಲ್ಲೇ ಕರಗುತ್ತದೆ. ಬೆಂಚಿನ ಮೇಲೆ ನಿಮ್ಮ ಪಕ್ಕದಲ್ಲಿ ಮೇಷ್ಟರಿರುತ್ತಾರೆ, ಲಾರಿ ಮಾಲೀಕರಿರುತ್ತಾರೆ, ನಿಮಗೆ ಸಾಲ ಕೊಡಲು ಒಂದು ಕಾಲದಲ್ಲಿ ಹಿಂದೇಟು ಹಾಕಿದವರೂ ಇರುತ್ತಾರೆ.

ಇನ್ನು ಊರಿನವರು. ಎಲ್ಲರಿಗೂ ಹೇಳಿಕೊಂಡು ತಿರುಗಿ ಅಂತ ನಾನು ಹೇಳುವುದಿಲ್ಲ. ಒಬ್ಬರನ್ನು ಆರಿಸಿಕೊಳ್ಳಿ. ನಿಮಗಿಂತ ಹಿರಿಯರು, ನಿಮ್ಮಿಂದ ಅವರಿಗೆ ಒಂದು ರೂಪಾಯಿಯೂ ಬರಬೇಕಿಲ್ಲದವರು, ಮಾತು ಬೇರೆ ಕಡೆ ಒಯ್ಯದವರು. ನಿಮ್ಮ ತಂದೆಯ ಜೊತೆ ನ್ಯಾಯಕ್ಕೆ ಕೂರುತ್ತಿದ್ದವರಲ್ಲಿ ಯಾರಾದರೂ ಉಳಿದಿದ್ದರೆ ಅವರೇ ಸರಿ. ದುಡ್ಡು ಕೇಳಬೇಡಿ. ಕೈಸಾಲದವರ ಹತ್ತಿರ ಹೋಗುವಾಗ ಜೊತೆಗೆ ಬಂದು ಪಕ್ಕದಲ್ಲಿ ಕೂರಿ ಅಂತಷ್ಟೇ ಕೇಳಿ. ಪಕ್ಕದಲ್ಲಿ ಹಿರಿಯರೊಬ್ಬರು ಕೂತಿದ್ದರೆ ಎದುರಿನವರ ಬಾಯಲ್ಲಿ ಏಕವಚನ ಬರುವುದಿಲ್ಲ, ನಿಮ್ಮ ಬಾಯಲ್ಲಿ ಸುಳ್ಳು ವಾಯಿದೆ ಬರುವುದಿಲ್ಲ. ಮುಂದಿನ ವಾರ ಕೊಡ್ತೀನಿ ಅನ್ನುವ ಮಾತು ನಿಮ್ಮನ್ನು ಇಲ್ಲಿಗೆ ತಂದಿದೆ. ತಿಂಗಳಿಗೆ ಎರಡು ಸಾವಿರ ಆಗುತ್ತದೆ ಅನ್ನುವುದಾದರೆ ಎರಡೇ ಸಾವಿರ ಹೇಳಿ, ತಪ್ಪದೆ ಕೊಡಿ.

ನಿಮಗೆ ಬರಬೇಕಾದ ಆ 11 ಲಕ್ಷದ ಮಾತು ಬಿಟ್ಟಿದ್ದೆ. ಬರುತ್ತೆ ಅನ್ನೋ ನಂಬಿಕೆ ಇಲ್ಲ ಅಂದಿದ್ದೀರಿ. ನಾನೊಂದು ಕೇಳುತ್ತೇನೆ. ಆ ಪುಸ್ತಕದಲ್ಲಿರುವ ರೈತರು ನಿಮ್ಮ ಅಂಗಡಿ ಮುಂದೆ ಈಗ ಹಾದುಹೋಗುತ್ತಾರಾ? ಅವರಲ್ಲೂ ಕೆಲವರು ವಡ್ಡಹಳ್ಳಿ ಮಾರುಕಟ್ಟೆಯಿಂದ ನಿಮ್ಮ ಕಣ್ಣು ತಪ್ಪಿಸಿ ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಿರಬೇಕು. ಅವರ ಬಗ್ಗೆ ನೀವು ಏನಂದುಕೊಂಡಿದ್ದೀರಿ? ಮೋಸಗಾರರು ಅಂತಲಾ? ಬೆಳೆ ಕೈಕೊಟ್ಟಿದೆ, ಪಾಪ, ಒಂದು ಸಲ ಬಂದು ಹೇಳಿದ್ದರೆ ಚೆನ್ನಾಗಿತ್ತು ಅಂತಲಾ? ನಿಮಗೆ ಸಾಲ ಕೊಟ್ಟವರಲ್ಲಿ ಹೆಚ್ಚಿನವರು ನಿಮ್ಮ ಬಗ್ಗೆ ಅಂದುಕೊಂಡಿರುವುದೂ ಅದನ್ನೇ. ಆ ರೈತರ ಹತ್ತಿರ ನೀವೇ ಹೋಗಿ. ನನ್ನ ಪರಿಸ್ಥಿತಿ ಹೀಗಾಗಿದೆ, ಮುಂದಿನ ಬೆಳೆಗೆ ಹತ್ತು ಬಾಕ್ಸಿನ ದುಡ್ಡಾದರೂ ಕೊಡಿ ಅನ್ನಿ. ಪೂರ್ತಿ ಬರುವುದಿಲ್ಲ. 3 ಲಕ್ಷ ಬಂದರೂ ಒಡವೆ ಬಿಡಿಸಬಹುದು.

ಹತ್ತನೇ ತಾರೀಕು ಚೀಟಿ ಕೂಡುತ್ತದೆ ಅಂದಿರಲ್ಲ. ಅಲ್ಲಿರುವುದು ಅಕ್ಕಪಕ್ಕದವರ ದುಡ್ಡು, ಯಾರದೋ ಮಗಳ ಮದುವೆಯದ್ದು, ಯಾರದೋ ಬೋರ್‌ವೆಲ್‌ನದ್ದು. ಅದಕ್ಕೇ ಅಲ್ಲಿಗೆ ಹೋಗಲು ನಿಮಗೆ ಎಲ್ಲಕ್ಕಿಂತ ಕಷ್ಟ. ಎಂಟನೇ ತಾರೀಕೇ ಚೀಟಿ ನಡೆಸುವವರ ಮನೆಗೆ ಹೋಗಿ ಪುಸ್ತಕ ತೋರಿಸಿ. ಪೂರ್ತಿ ಕಂತು ಆಗುವುದಿಲ್ಲ, ಇಷ್ಟು ಆಗುತ್ತದೆ ಅಂತ ಹೇಳಿ. ಹತ್ತಕ್ಕೆ ಚೀಟಿ ಕೂಡುವಾಗ ನೀವೂ ಇರಿ. ಬಸ್ ಸ್ಟ್ಯಾಂಡ್ ಮುಂದಿನ ದಾರಿಯಲ್ಲೇ ಹೋಗಿ.